ಉಪವಾಸದ ದಿನ ಫಳಾರವೋ, ನಿಟ್ಟುಪವಾಸವೋ?

ಆಷಾಢ ಮುಗಿದು ಶ್ರಾವಣ ಕಾಲಿಟ್ಟರೆ ಸಾಕು, ನಮ್ಮ ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಗಳಲ್ಲಿ ಶಿಕ್ಷಕರ ಡಬ್ಬಿಗಳ ವಾಸನೆಯೇ ಬದಲಾಗುತ್ತದೆ. ಜೋಳದ ರೊಟ್ಟಿ, ಪುಂಡಿಪಲ್ಲೆ ಹಿಂದೆ ಸರಿದು ಸಾಬೂದಾಣಿ ಖಿಚಡಿ, ಭಗರು, ಶೇಂಗಾ ಆಮಟಿ ಮುಂದೆ ಬರುತ್ತವೆ. ಸೋಮವಾರ ಒಬ್ಬರಿಗೆ, ಗುರುವಾರ ಇನ್ನೊಬ್ಬರಿಗೆ, ಶನಿವಾರ ಮತ್ತೊಬ್ಬರಿಗೆ. ಸಂಕಷ್ಟಿ, ಏಕಾದಶಿ ಬೇರೆ. ಲೆಕ್ಕ ಹಾಕಿದರೆ ವಾರದಲ್ಲಿ ಉಪವಾಸ ಇಲ್ಲದ ದಿನ ಹುಡುಕಬೇಕು!

ಈಗ ಇದರ ಜತೆಗೆ ಹೊಸ ಉಪವಾಸವೊಂದು ಸೇರಿಕೊಂಡಿದೆ. ಇಂಟರ್ಮಿಟೆಂಟ್ ಫಾಸ್ಟಿಂಗ್ ಅಂತೆ. ದಿನಕ್ಕೆ 16 ತಾಸು ಏನೂ ತಿನ್ನಬಾರದು, ಉಳಿದ 8 ತಾಸಿನಲ್ಲಿ ಊಟ ಮುಗಿಸಬೇಕು. ದೇವರ ಹೆಸರಿಲ್ಲ, ತಿಥಿ ಇಲ್ಲ, ಮೊಬೈಲ್ ಗಡಿಯಾರವೇ ಪಂಚಾಂಗ. ನಮ್ಮ ಸ್ಟಾಫ್ ರೂಮಿನಲ್ಲಿ ಇದರ ಮೇಲೆ ನಡೆದಷ್ಟು ವಾದ ಏಳನೇ ವೇತನ ಆಯೋಗದ ಮೇಲೂ ನಡೆದಿರಲಿಕ್ಕಿಲ್ಲ. ಪ್ರಶ್ನೆ ಒಂದೇ: ನಡುವೆ ಹಸಿವಾದರೆ ಏನಾದರೂ ಬಾಯಿಗೆ ಹಾಕಿಕೊಳ್ಳಬೇಕೋ, ಪೂರ್ತಿ ಬಿಟ್ಟುಬಿಡಬೇಕೋ?

ಮಹಾರಾಷ್ಟ್ರದಲ್ಲಿ ಈ ಪ್ರಶ್ನೆಗೆ ಎರಡು ಪಕ್ಷಗಳೇ ಇವೆ. ಕರ್ನಾಟಕದ ಮಿತ್ರರಿಗೆ ಇದು ಅಷ್ಟಾಗಿ ಗೊತ್ತಿರಲಿಕ್ಕಿಲ್ಲ, ಅದಕ್ಕೇ ಹೇಳುತ್ತೇವೆ. ಒಂದು ಡಾ. ಜಗನ್ನಾಥ ದೀಕ್ಷಿತರ ಪಕ್ಷ. ನಿಜವಾದ ಹಸಿವಾಗುವ ಎರಡು ಹೊತ್ತು ಗುರುತಿಸಿಕೊಳ್ಳಿರಿ, ಆ ಎರಡೇ ಹೊತ್ತು ಉಣ್ಣಿರಿ, ಒಂದೊಂದು ಊಟ 55 ನಿಮಿಷದಲ್ಲಿ ಮುಗಿಸಿರಿ, ನಡುವೆ ನೀರು, ತೆಳು ಮಜ್ಜಿಗೆ, ಸಕ್ಕರೆ ಇಲ್ಲದ ಚಹಾ ಬಿಟ್ಟು ಬೇರೇನೂ ಬೇಡ ಎನ್ನುತ್ತಾರೆ ಅವರು. ಈ ವಿಚಾರದ ಮೂಲ ಡಾ. ಶ್ರೀಕಾಂತ ಜಿಚಕಾರರದು ಎಂದು ಅವರೇ ಹೇಳಿಕೊಳ್ಳುತ್ತಾರೆ. ಪದವಿಗಳ ರಾಶಿಯನ್ನೇ ಗಳಿಸಿ 2004ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಹೋದ ಆ ಜಿಚಕಾರರೇ. ಇನ್ನೊಂದು ಮುಂಬಯಿಯ ಆಹಾರತಜ್ಞೆ ರುಜುತಾ ದಿವೇಕರರ ಪಕ್ಷ. ಎದ್ದ ಸ್ವಲ್ಪ ಹೊತ್ತಿನಲ್ಲೇ ಬಾಳೆಹಣ್ಣೋ ಬಾದಾಮಿಯೋ ತಿನ್ನಿರಿ, ಎರಡೆರಡು ತಾಸಿಗೆ ಸ್ವಲ್ಪ ಸ್ವಲ್ಪ ತಿನ್ನುತ್ತಿರಿ, ತುಪ್ಪಕ್ಕೆ ಹೆದರಬೇಡಿರಿ ಎಂಬುದು ಅವರ ಮಾತು. 2018ರ ಸುಮಾರಿಗೆ ಎರಡೂ ಪಕ್ಷದವರು ವಾಟ್ಸಾಪಿನಲ್ಲಿ ಕಾದಾಡಿದ್ದೇ ಕಾದಾಡಿದ್ದು. ನಮ್ಮ ಶಾಲೆಯಲ್ಲೂ ಇಬ್ಬರು ದೀಕ್ಷಿತರ ಕಡೆ, ಒಬ್ಬರು ದಿವೇಕರರ ಕಡೆ. ಮುಖ್ಯಾಧ್ಯಾಪಕರು ಮಾತ್ರ ಯಾರಾದರೂ ಏನಾದರೂ ಕೊಟ್ಟರೆ ತಿನ್ನುವ ಪಕ್ಷ.

ಎಂಟು ತಾಸು, ಹದಿನಾರು ತಾಸು ಎನ್ನುವ ಮೊದಲು ನಮ್ಮ ಕನ್ನಡವನ್ನೇ ಸ್ವಲ್ಪ ನೋಡೋಣ. ಒಂದೇ ಹೊತ್ತು ಉಣ್ಣುವುದಕ್ಕೆ ನಮ್ಮಲ್ಲಿ 'ಒಪ್ಪತ್ತು' ಎಂಬ ಶಬ್ದವಿದೆ. ಏನನ್ನೂ ಮುಟ್ಟದೆ ಇರುವುದಕ್ಕೆ 'ನಿಟ್ಟುಪವಾಸ' ಎಂಬ ಹಳೆಯ ಶಬ್ದವಿದೆ. ಉಪವಾಸದ ದಿನ ತಿನ್ನಬಹುದಾದದ್ದಕ್ಕೆ 'ಫಳಾರ'. ಇದು ಫಲಾಹಾರದಿಂದ ಬಂದದ್ದು, ಅಂದರೆ ಹಣ್ಣಿನ ಆಹಾರ. ಆದರೆ ನಮ್ಮ ಭಾಗದಲ್ಲಿ ಫಳಾರ ಅಂದರೆ ಅವಲಕ್ಕಿಯೂ ಆದೀತು, ಉಪ್ಪಿಟ್ಟೂ ಆದೀತು. ಹಣ್ಣು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿದಿದೆ. 'ಒಪ್ಪತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ' ಎಂದು ನಮ್ಮ ಹಿರಿಯರು ಹೇಳಿದ್ದನ್ನು ಕೇಳಿದರೆ ಅವರು ದೀಕ್ಷಿತರ ಪಕ್ಷವೇ ಸೈ ಅನ್ನಿಸುತ್ತದೆ. ಇನ್ನು ಮರಾಠಿಯಲ್ಲಿ 'ಏಕಾದಶಿ, ದುಪ್ಪಟ್ಟ ಖಾಶಿ' ಎಂಬ ಮಾತಿದೆ. ಏಕಾದಶಿಗೆ ಎರಡು ಪಟ್ಟು ತಿಂತಾರಂತ! ಗಡಿಯಲ್ಲಿ ಇರುವ ನಮಗೆ ಎರಡೂ ಗಾದೆ ಗೊತ್ತು, ಎರಡನ್ನೂ ಪಾಲಿಸುತ್ತೇವೆ.

ಈ ದುಪ್ಪಟ್ಟಿನ ಲೆಕ್ಕವನ್ನು 7ನೇ ಇಯತ್ತೆಯ ಮಕ್ಕಳ ಕೈಯಲ್ಲಿ ಒಮ್ಮೆ ಮಾಡಿಸಿದೆವು. ಗಣಿತವೂ ಆಯಿತು, ವಿಜ್ಞಾನವೂ ಆಯಿತು. ಒಬ್ಬರ ಒಂದು ತಾಟು ಖಿಚಡಿಗೆ ಒಣ ಸಾಬೂದಾಣಿ 75 ಗ್ರಾಂ. ನೂರು ಗ್ರಾಂಗೆ ಸುಮಾರು 350 ಕ್ಯಾಲೊರಿ ಹಿಡಿದರೆ 260 ಆಯಿತು. ಶೇಂಗಾ ಪುಡಿ 30 ಗ್ರಾಂ, ಅದರದು 170. ತುಪ್ಪ 20 ಗ್ರಾಂ, 180. ಅರ್ಧ ಬಟಾಟೆಗೆ 40. ಒಟ್ಟು 650. ಮಧ್ಯಾಹ್ನದ ಬಿಸಿಯೂಟದಲ್ಲಿ 6ರಿಂದ 8ನೇ ಇಯತ್ತೆಯ ಮಗುವಿಗೆ ಸರಕಾರ ಗೊತ್ತುಮಾಡಿದ್ದು 700 ಕ್ಯಾಲೊರಿ. ಅಂದರೆ 'ಇವತ್ತು ನಮ್ಮದು ಉಪವಾಸ' ಎನ್ನುವ ಸರ್ ತಿಂದದ್ದೂ ಒಂದು ಪೂರ್ತಿ ಊಟವೇ! ಮಕ್ಕಳು ನಕ್ಕದ್ದು ನಕ್ಕದ್ದೇ. ಆದರೆ ಇನ್ನೊಂದು ಸಾಲು ನೋಡಿದಾಗ ನಗು ನಿಂತಿತು. ಬಿಸಿಯೂಟದಲ್ಲಿ 20 ಗ್ರಾಂ ಪ್ರೋಟೀನ್ ಇರಬೇಕು. ಖಿಚಡಿಯ ತಾಟಿನಲ್ಲಿ ಎಂಟೊಂಬತ್ತು ಗ್ರಾಂ, ಅದೂ ಬಹುತೇಕ ಶೇಂಗಾದಿಂದ. ಸಾಬೂದಾಣಿಯಲ್ಲಿ ಪ್ರೋಟೀನ್ ಇಲ್ಲವೆಂದೇ ಹೇಳಬೇಕು, ಬರೀ ಪಿಷ್ಟ. ಹೊಟ್ಟೆಗೆ ಹೋದ ಸ್ವಲ್ಪ ಹೊತ್ತಿಗೆ ರಕ್ತದಲ್ಲಿ ಸಕ್ಕರೆ ಏರಿಸಿಬಿಡುತ್ತದೆ.

ಇನ್ನೊಂದು ಮೋಜು. ಸಾಬೂದಾಣಿ ಮರಗೆಣಸಿನ ಹಿಟ್ಟಿನಿಂದ ಆಗುತ್ತದೆ. ಮರಗೆಣಸು ದಕ್ಷಿಣ ಅಮೆರಿಕದ್ದು. ತಮಿಳುನಾಡಿನ ಸೇಲಂ ಕಡೆ ಸಾಬೂದಾಣಿ ಕಾರ್ಖಾನೆಗಳು ಎದ್ದದ್ದು 1940ರ ದಶಕದಲ್ಲಿ. ಬಟಾಟೆ, ಶೇಂಗಾ, ಗೆಣಸು, ಹಸಿಮೆಣಸಿನಕಾಯಿ ಇವೂ ಸಮುದ್ರದಾಚೆಯಿಂದ ಬಂದವೇ. ನಮ್ಮ ನೆಲದಲ್ಲಿ ಸಾವಿರಾರು ವರ್ಷ ಬೆಳೆದ ಜೋಳ ಏಕಾದಶಿಗೆ ನಡೆಯುವುದಿಲ್ಲ, ಪೋರ್ತುಗೀಜರ ಕಾಲದಲ್ಲಿ ಬಂದದ್ದು ಮಾತ್ರ ನಡೆಯುತ್ತದೆ! ಹಾಗಾದರೆ ಸಾಬೂದಾಣಿ ಬರುವ ಮುಂಚೆ ನಮ್ಮ ಮುತ್ತಜ್ಜಿಯಂದಿರು ಏನು ತಿನ್ನುತ್ತಿದ್ದರು ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಹಾಲು, ಹಣ್ಣು, ಇದ್ದವರಿಗೆ ವರಿ ಅಕ್ಕಿ, ಇಲ್ಲದವರಿಗೆ ನಿಟ್ಟುಪವಾಸ ಎಂದೆವು.

ಈಗ ದೀಕ್ಷಿತರ ಪಕ್ಷದವರು ಹೇಳುವುದರಲ್ಲಿ ತಿರುಳು ಏನು ನೋಡೋಣ. ನಮ್ಮ ಹಳ್ಳಿಯವರಿಗೆ ಹಗೇವಿನ ಉದಾಹರಣೆ ಕೊಟ್ಟರೆ ಬೇಗ ತಿಳಿಯುತ್ತದೆ. ಅಡುಗೆಮನೆಯಲ್ಲಿ ದಿನದ ಖರ್ಚಿಗೆ ಜೋಳದ ಡಬ್ಬಿ ಇರುತ್ತದೆ, ಅಂಗಳದಲ್ಲಿ ವರ್ಷದ ಜೋಳದ ಹಗೇವು ಇರುತ್ತಿತ್ತು. ಡಬ್ಬಿ ಬರಿದಾಗುವ ತನಕ ಯಾರೂ ಹಗೇವಿನ ಬಾಯಿ ತೆಗೆಯುವುದಿಲ್ಲ. ನಮ್ಮ ಶರೀರದಲ್ಲಿ ಆ ಡಬ್ಬಿ ಯಕೃತ್ತು. ಅಲ್ಲಿ ಸುಮಾರು 100 ಗ್ರಾಂ ಸಕ್ಕರೆ ಗ್ಲೈಕೋಜನ್ ರೂಪದಲ್ಲಿ ಇರುತ್ತದೆ. ಅದು ಕರಗಲು ಹನ್ನೆರಡು ತಾಸಿಗೂ ಹೆಚ್ಚು ಬೇಕು. ಆಮೇಲೆಯೇ ಶರೀರ ಹಗೇವು ತೆಗೆಯುವುದು, ಅಂದರೆ ಕೊಬ್ಬು ಕರಗಿಸುವುದು ಹೆಚ್ಚಾಗುತ್ತದೆ. ಹನ್ನೊಂದು ಗಂಟೆಗೆ ಒಂದು ರಾಜಗೀರಾ ಲಾಡು, ಮೂರು ಗಂಟೆಗೆ ಒಂದು ಬಾಳೆಹಣ್ಣು, ನಡುನಡುವೆ ಚಹಾ ಅಂತ ಹಾಕುತ್ತಾ ಹೋದರೆ ಡಬ್ಬಿ ತುಂಬುತ್ತಲೇ ಇರುತ್ತದೆ, ಹಗೇವಿನ ಮುಚ್ಚಳ ಹಾಗೇ ಇರುತ್ತದೆ.

ಚಹಾದ ವಿಷಯ ಹೇಳಲೇಬೇಕು. 'ಸರ್, ನಾವು ಏನೂ ತಿನ್ನೂದಿಲ್ರಿ, ಬರೇ ಚಹಾದ ಮ್ಯಾಲೆ ಇರ್ತೀವ್ರಿ' ಎನ್ನುವವರು ಪ್ರತಿ ಶಾಲೆಯಲ್ಲೂ ಒಬ್ಬರಾದರೂ ಇದ್ದಾರೆ. ಸೋಲಾಪುರ ಸ್ಟ್ಯಾಂಡಿನಲ್ಲಿ ಒಂದು, ಅಕ್ಕಲಕೋಟದಲ್ಲಿ ಒಂದು, ಶಾಲೆಯಲ್ಲಿ ಎರಡು. ಕಪ್ಪಿಗೆ ಎರಡು ಚಮಚ ಸಕ್ಕರೆ ಎಂದರೂ ಎಂಟು ಚಮಚ, ಮೂವತ್ತೈದು ಗ್ರಾಂ ಹತ್ತಿರ. ಅದು ಉಪವಾಸವೂ ಅಲ್ಲ, ಊಟವೂ ಅಲ್ಲ.

ಸಂಶೋಧನೆ ಏನು ಹೇಳುತ್ತದೆ ಎಂದು ಸ್ವಲ್ಪ ಓದಿದೆವು. ನಾವು ಟಿ.ಸಿ.ಎಚ್., ಬಿ.ಎ. ಮಾಡಿದವರು, ಡಾಕ್ಟರಲ್ಲ, ಆದರೆ ಓದಲಿಕ್ಕೆ ಬರುತ್ತದೆ. 2014ರಲ್ಲಿ ಝೆಕ್ ದೇಶದ ಪ್ರಾಗ್ ನಗರದಲ್ಲಿ 54 ಜನ ಸಕ್ಕರೆ ಕಾಯಿಲೆಯವರ ಮೇಲೆ ಒಂದು ಪ್ರಯೋಗ ಪ್ರಕಟವಾಯಿತು. ಅಷ್ಟೇ ಕ್ಯಾಲೊರಿಯನ್ನು 12 ವಾರ ಆರು ಸಣ್ಣ ಊಟವಾಗಿ, 12 ವಾರ ಎರಡು ದೊಡ್ಡ ಊಟವಾಗಿ ಕೊಟ್ಟರು. ಆರು ಸಲ ತಿಂದಾಗ 2.3 ಕಿಲೋ ಇಳಿಯಿತು, ಎರಡು ಸಲ ತಿಂದಾಗ 3.7 ಕಿಲೋ. ದೀಕ್ಷಿತರ ಪಕ್ಷದವರು ಇದನ್ನು ಕೇಳಿ ಪೇಢೆ ಹಂಚಲು ಹೊರಟರು. (ಪೇಢೆ ತಿಂದರೆ 55 ನಿಮಿಷದ ಲೆಕ್ಕ ತಪ್ಪುತ್ತದೆ ಎಂದು ನೆನಪಿಸಬೇಕಾಯಿತು.) ಆದರೆ ಅವರು ಮರೆಯುವ ಮಾತು, ಆ ಎರಡು ಊಟ ಬೆಳಗಿನ ತಿಂಡಿ ಮತ್ತು ಮಧ್ಯಾಹ್ನದ ಊಟ. ರಾತ್ರಿ ಹತ್ತಕ್ಕೆ ಧಾರಾವಾಹಿ ನೋಡುತ್ತಾ ಉಂಡದ್ದಲ್ಲ. ಮುಂದೆ 2022ರಲ್ಲಿ ಚೀನಾದಲ್ಲಿ 139 ಜನ ಸ್ಥೂಲಕಾಯದವರ ಮೇಲೆ ಒಂದು ವರ್ಷ ನಡೆದ ಪ್ರಯೋಗ ಹೊರಬಂತು. ಎರಡೂ ಗುಂಪಿಗೆ ಕ್ಯಾಲೊರಿ ಕಡಿಮೆ ಮಾಡಿದರು, ಒಂದು ಗುಂಪಿಗೆ ಮಾತ್ರ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಉಣ್ಣುವ ಕಟ್ಟಳೆ. ವರ್ಷದ ಕೊನೆಗೆ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಹೀಗಾಗಿ ಗಡಿಯಾರಕ್ಕಿಂತ ತಾಟಿನಲ್ಲಿ ಏನು, ಎಷ್ಟು ಎಂಬುದೇ ದೊಡ್ಡದು ಎಂಬುದು ನಮ್ಮ ಅಭಿಪ್ರಾಯ. ಆರೋಗ್ಯವಂತ ದೊಡ್ಡವರು ಉಪವಾಸ ಮಾಡುವುದಾದರೆ ನಡುವೆ ಕುರುಕುವುದನ್ನು ಬಿಟ್ಟು, ನೀರು ಮಜ್ಜಿಗೆ ಕುಡಿದು, ಒಂದೆರಡು ಹೊತ್ತು ಸರಿಯಾಗಿ ಉಣ್ಣಲಿ. ಒಪ್ಪತ್ತು ಎಂದರೆ ಅದೇ ಅಲ್ಲವೇ?

ಆದರೆ ಗುಳಿಗೆ ನುಂಗುವವರ ವಿಷಯ ಬೇರೆ. ಇದನ್ನು ನಾವು ನಮ್ಮ ಮನೆಯಲ್ಲೇ ನೋಡಿದೆವು.

ನಮ್ಮ ಅವ್ವನಿಗೆ ಎಪ್ಪತ್ತು ದಾಟಿದೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಪಂಢರಾಪುರ ನಮ್ಮ ಜಿಲ್ಲೆಯಲ್ಲೇ ಇದೆ, ಆಷಾಢಿ ಏಕಾದಶಿ ಎಂದರೆ ಆಕೆಗೆ ಹಬ್ಬಕ್ಕಿಂತ ಹೆಚ್ಚು. 2024ರ ಜುಲೈ 17ರಂದು ಆಷಾಢಿ. ಸಾಬೂದಾಣಿಯಿಂದ ಸಕ್ಕರೆ ಏರುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಈ ಸಲ ಕಡಕ್ ಉಪವಾಸ ಎಂದು ನಿಶ್ಚಯ ಮಾಡಿಕೊಂಡಿದ್ದಳು. ಬೆಳಿಗ್ಗೆ ಗುಳಿಗೆಗಳನ್ನು ಮಾತ್ರ ತಪ್ಪದೆ ನುಂಗಿದಳು, 'ಗುಳಿಗಿ ಬಿಡಬ್ಯಾಡ ಅಂದಾರ ಡಾಕ್ಟರು' ಎಂದು. ಸಂಜೆ ನಾಲ್ಕರ ಹೊತ್ತಿಗೆ ಮೈಯೆಲ್ಲ ಬೆವರಿ ತೊಯ್ದುಹೋಯಿತು, ಕೈ ನಡುಗತೊಡಗಿತು, ಮಾತು ಎಲ್ಲೆಲ್ಲೋ ಹೋಯಿತು. ನಾವು ಶಾಲೆಯಿಂದ ಬಂದಿರಲಿಲ್ಲ. ಓಣಿಯ ಹೆಣ್ಣುಮಕ್ಕಳು ವಿಠ್ಠಲ ಮೈಮೇಲೆ ಬಂದಾನ ಎಂದು ಅರಿಷಿಣ ಕುಂಕುಮ ತಂದಿದ್ದರು. ಕಾಲೇಜು ಓದುವ ಮಗಳು ಬೆರಳು ಚುಚ್ಚಿ ನೋಡಿದರೆ ಯಂತ್ರದಲ್ಲಿ 52. ಎಪ್ಪತ್ತಕ್ಕಿಂತ ಕೆಳಗೆ ಬಂದರೇ ಅಪಾಯ. ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿಸಿದಳು. 'ಏಕಾದಶಿ ಮುರೀತಲ್ಲ' ಎಂದು ಅವ್ವ ಹಲ್ಲು ಕಚ್ಚಿದಳಂತೆ. ಹದಿನೈದು ನಿಮಿಷಕ್ಕೆ ಇನ್ನೊಮ್ಮೆ ನೋಡಿ, ಇನ್ನೊಮ್ಮೆ ಕುಡಿಸಿ, ಆಮೇಲೆ ಕಣ್ಣು ತಿಳಿಯಾದವು.

ಸೋಲಾಪುರದ ಡಾಕ್ಟರು ಬಯ್ಯಲಿಲ್ಲ, ಬಿಡಿಸಿ ಹೇಳಿದರು. ಅವ್ವನ ಗುಳಿಗೆಗಳು ಎರಡು ಬಗೆಯವು. ಮೆಟ್‌ಫಾರ್ಮಿನ್ ಒಂದೇ ಇದ್ದರೆ ಸಕ್ಕರೆ ಹೀಗೆ ಕೆಳಗೆ ಬೀಳುವುದು ಅಪರೂಪ. ಗ್ಲಿಮೆಪಿರೈಡ್‌ನಂಥದ್ದು ಹಾಗಲ್ಲ. ನೀವು ಉಂಡಿರಲಿ ಬಿಡಲಿ, ಅದು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸಿಯೇ ತೀರುತ್ತದೆ. ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ರಮ್ಜಾನ್ ಉಪವಾಸ ಮಾಡುವ ಸಕ್ಕರೆ ಕಾಯಿಲೆಯವರು ಆರೆಂಟು ವಾರ ಮುಂಚೆಯೇ ಬಂದು ಗುಳಿಗೆ ಹೊಂದಿಸಿಕೊಳ್ಳಬೇಕು, 70ಕ್ಕಿಂತ ಕೆಳಗೆ ಅಥವಾ 300ಕ್ಕಿಂತ ಮೇಲೆ ಹೋದರೆ ಆಗಿಂದಾಗಲೇ ರೋಜಾ ಬಿಡಬೇಕು ಎಂಬ ನಿಯಮಾವಳಿ ಜಗತ್ತಿನಾದ್ಯಂತ ಇದೆಯಂತೆ. 'ಏಕಾದಶಿಯವರು ಮಾತ್ರ ಯಾರೂ ಕೇಳಲಿಕ್ಕೆ ಬರೂದಿಲ್ರಿ, ಬಿದ್ದ ಮ್ಯಾಲೇ ಬರ್ತಾರ್ರಿ' ಎಂದು ನಕ್ಕರು.

ಅಲ್ಲಿಂದ ಮನೆಯಲ್ಲಿ ಒಂದು ಒಪ್ಪಂದವಾಗಿದೆ. ಏಕಾದಶಿಯ ಮುಂಚೆ ಡಾಕ್ಟರಿಗೆ ಫೋನು, ಆ ದಿನದ ಗುಳಿಗೆ ಅವರು ಹೇಳಿದಷ್ಟೇ. ಬೆಳಿಗ್ಗೆ ಒಂದು ಲೋಟ ಹಾಲು, ನಡುವೆ ಮಜ್ಜಿಗೆ. ಮಧ್ಯಾಹ್ನ ವರಿ ಅಕ್ಕಿಯ ಭಗರು ಸ್ವಲ್ಪ, ಶೇಂಗಾ ಆಮಟಿ ಜಾಸ್ತಿ. ಬಟಾಟೆ ಸಾಬೂದಾಣಿ ಇಲ್ಲ. ಸಂಜೆ ಅರ್ಧ ದಾಳಿಂಬೆ, ನಾಲ್ಕು ಬಾದಾಮಿ. ದಿನಕ್ಕೆ ಮೂರು ಸಲ ಬೆರಳು ಚುಚ್ಚುವುದು. ಅವ್ವನ ಕಡೆಯಿಂದಲೂ ಒಂದು ಷರತ್ತು ಇದೆ: ಮಜ್ಜಿಗೆಗೆ ಸೈಂಧವ ಉಪ್ಪೇ ಆಗಬೇಕು. ಹಾಕುತ್ತೇವೆ. ಇಲ್ಲಿ ಫಳಾರವೇ ಗೆದ್ದಿತು, ಹಗೇವು ತೆಗೆಯುವ ಮಾತು ಆಕೆಗೆ ಬೇಡ.

ಇನ್ನು ಮಕ್ಕಳು. ನಿಜ ಹೇಳಬೇಕೆಂದರೆ ಇದನ್ನು ಬರೆಯಲು ಕೂತದ್ದೇ ಅವರ ಸಲುವಾಗಿ.

ದೊಡ್ಡವರ 16 ತಾಸಿನ ಉಪವಾಸದ ಮಾತು ಕೇಳಿ, ನಮ್ಮ ಮಕ್ಕಳು ಎಷ್ಟು ತಾಸು ಹಸಿದಿರುತ್ತಾರೆ ಎಂದು ಒಂದು ದಿನ ಕೇಳಿ ನೋಡಿದೆವು. ರಾತ್ರಿ ಎಂಟಕ್ಕೆ ಊಟ. ಬೆಳಿಗ್ಗೆ ತಂದೆ ತಾಯಿ ಇಬ್ಬರೂ ಹೊಲಕ್ಕೋ ಕಬ್ಬಿನ ಕೆಲಸಕ್ಕೋ ಹೊರಟುಬಿಡುತ್ತಾರೆ. ಚಹಾ, ಇದ್ದರೆ ಅದರಲ್ಲಿ ಅದ್ದಿ ಒಂದು ಖಾರಿ. ಶಾಲೆಯ ಖಿಚಡಿ ತಾಟಿಗೆ ಬೀಳುವುದು ಮಧ್ಯಾಹ್ನ ಒಂದೂವರೆಗೆ. ರೊಟ್ಟಿ ತಿಂದು ಬಂದವರು ಕೈ ಎತ್ತಿರಿ ಎಂದರೆ ಅರ್ಧ ತರಗತಿ ಎತ್ತಿತು. ಉಳಿದವರದು ಹದಿನೇಳೂವರೆ ತಾಸು! ಯಾವ ಪುಸ್ತಕ ಓದದೆ, ಯಾವ ಪಕ್ಷ ಸೇರದೆ, ನಡೆದೇ ಇದೆ ಅವರ ಇಂಟರ್ಮಿಟೆಂಟ್ ಫಾಸ್ಟಿಂಗ್. ಹನ್ನೆರಡು ಗಂಟೆಯ ಗಣಿತದ ತಾಸಿನಲ್ಲಿ ಆಕಳಿಸುವವರು ಯಾರೆಂದು ಅಂದೇ ತಿಳಿಯಿತು.

ಅಂಥದ್ದರಲ್ಲಿ ಶ್ರಾವಣ. 7ನೇ ಇಯತ್ತೆಯ ಒಬ್ಬ ಹುಡುಗಿ ಹದಿನಾರು ಸೋಮವಾರದ ವ್ರತ ಹಿಡಿದಿದ್ದಳು. ಮಧ್ಯಾಹ್ನ ಎಲ್ಲರೂ ಸಾಲಿನಲ್ಲಿ ಕೂತರೆ ಇವಳು ಬೇವಿನ ಗಿಡದ ಕೆಳಗೆ. ಖಿಚಡಿ ಬೇಯಿಸುವ ಅಕ್ಕ ಬಂದು ಹೇಳಿದಾಗಲೇ ವಿಷಯ ಗೊತ್ತಾದದ್ದು. ತಾಯಿಯನ್ನು ಕರೆಸಿದರೆ, 'ದೇವರ ಕೆಲಸಕ್ಕ ಬ್ಯಾಡ ಅನಬ್ಯಾಡ್ರಿ ಸರ್, ನಾನೂ ಇದೇ ವಯಸ್ಸಿನ್ಯಾಗ ಹಿಡಿದಿದ್ದೆ' ಎಂದರು. ಬೇಡ ಅನ್ನಲಿಲ್ಲ ನಾವು. ಗಡಿಯಲ್ಲಿ ಕನ್ನಡ ಶಾಲೆ ನಡೆಸುವವರು ಊರವರ ದೇವರ ಜತೆ ಜಗಳಕ್ಕೆ ನಿಲ್ಲುವ ಹಾಗಿಲ್ಲ, ಒಂದು ಮಗು ಹೋದರೆ ಪಟ ಸಂಖ್ಯೆಯೇ ಅಲ್ಲಾಡುತ್ತದೆ. ಆದರೆ ಬೇರೊಂದು ವಿಷಯ ಅವರಿಗೆ ಹೇಳಿದೆವು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣಾಂಶದ ಗುಳಿಗೆ ಇದೆಯಲ್ಲ, ಅದು ನಮ್ಮಲ್ಲಿ ಸೋಮವಾರವೇ. ಊಟವಾದ ಮೇಲೆ ನುಂಗಬೇಕಾದದ್ದು. ಖಾಲಿ ಹೊಟ್ಟೆಗೆ ನುಂಗಿದರೆ ಹೊಟ್ಟೆ ತೊಳಸಿ ವಾಂತಿ ಬರುತ್ತದೆ, ನುಂಗದಿದ್ದರೆ ಆ ವಾರದ್ದು ತಪ್ಪುತ್ತದೆ. ಇವಳು ಅದನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಕೂಡಿಡುತ್ತಿದ್ದಳು. ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇ. 59 ಜನಕ್ಕೆ ರಕ್ತಹೀನತೆ ಇದೆ ಎಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ಇವಳು ಆ ವಯಸ್ಸಿಗೆ ಕಾಲಿಡುವವಳು, ಮೈ ನೆರೆದು ಐದು ತಿಂಗಳಾಗಿದೆ ಎಂದು ತಾಯಿಯೇ ಹೇಳಿದರು. ಅಂಕಿ ಕೇಳಿ ತಾಯಿ ಏನೂ ಅನ್ನಲಿಲ್ಲ. ಕಂಪಾಸ್ ಪೆಟ್ಟಿಗೆ ತೆಗೆದು ತೋರಿಸಿದಾಗ ಮಾತ್ರ ಮಗಳ ಮುಖ ನೋಡಿದರು.

ಆಮೇಲೆ ಮಾತುಕತೆಯಾಗಿ ಹೀಗೆ ತೀರ್ಮಾನವಾಯಿತು. ಸೋಮವಾರ ನಿಟ್ಟುಪವಾಸ ಬೇಡ, ಒಪ್ಪತ್ತು ನಡೆಯಲಿ. ಬೆಳಿಗ್ಗೆ ಹಾಲು. ಮಧ್ಯಾಹ್ನ ಶಾಲೆಗೆ ಶೇಂಗಾದ ಚಿಕ್ಕಿ, ಎರಡು ಬಾಳೆಹಣ್ಣು ಡಬ್ಬಿಯಲ್ಲಿ ಬರಬೇಕು, ಗಿಡದ ಕೆಳಗಲ್ಲ, ಸಾಲಿನಲ್ಲೇ ಕೂತು ತಿನ್ನಬೇಕು. ಸೂರ್ಯ ಮುಳುಗುತ್ತಲೇ ಬೇಳೆ, ಪಲ್ಲೆ ಎಲ್ಲ ಇರುವ ಊಟ. ನೀಲಿ ಗುಳಿಗೆಯನ್ನು ಇಡೀ ಶಾಲೆಗೇ ಮಂಗಳವಾರಕ್ಕೆ ಸರಿಸಿದೆವು. ಇದಕ್ಕೆ ಯಾವ ಆದೇಶವೂ ಬೇಕಾಗಲಿಲ್ಲ, ರಜಿಸ್ಟರಿನಲ್ಲಿ ವಾರದ ಹೆಸರು ಬದಲಾಯಿತು ಅಷ್ಟೇ. ರಮ್ಜಾನಿನಲ್ಲಿ ರೋಜಾ ಹಿಡಿಯುತ್ತೇನೆ ಎಂದು ಹಟ ಮಾಡುವ ಸಣ್ಣ ಮಕ್ಕಳ ಮನೆಯವರ ಜತೆಗೂ ಮಾತಾಡಿದೆವು. ಪ್ರಾಯಕ್ಕೆ ಬರುವ ತನಕ ಮಕ್ಕಳಿಗೆ ರೋಜಾ ಕಡ್ಡಾಯವಿಲ್ಲ ಎಂದು ಅವರೇ ಮುಂದಾಗಿ ಹೇಳಿದರು. ಬಿಸಿಲಿನಲ್ಲಿ ನೀರೂ ಇಲ್ಲದೆ ಕಬಡ್ಡಿ ಆಡಿಸಬೇಡಿರಿ ಎಂದು ನಮಗೇ ಬುದ್ಧಿ ಹೇಳಿದರು, ಸರಿಯಾಗೇ ಇತ್ತು.

ಬೆಳಗಿನ ಹಸಿವಿನದು ಇನ್ನೂ ಬಗೆಹರಿದಿಲ್ಲ. ವರ್ಗಣಿ ಹಾಕಿ ಹತ್ತೂವರೆಗೆ ಒಂದು ಮುಷ್ಟಿ ಹುರಿದ ಶೇಂಗಾ ಮತ್ತು ಬೆಲ್ಲ ಕೊಡಬಹುದೇ ಎಂದು ನೋಡುತ್ತಿದ್ದೇವೆ. ಒಂದು ಮಗುವಿಗೆ 25 ಗ್ರಾಂ ಶೇಂಗಾ ಎಂದರೆ ಆರು ಗ್ರಾಂ ಪ್ರೋಟೀನ್, ನಲವತ್ತು ಮಕ್ಕಳಿಗೆ ದಿನಕ್ಕೆ ಒಂದು ಕಿಲೋ ಸಾಕು. ಊರಿನ ಇಬ್ಬರು ರೈತರು ರಾಶಿ ಆದ ಮೇಲೆ ಒಂದೊಂದು ಚೀಲ ಕೊಡುತ್ತೇವೆ ಎಂದಿದ್ದಾರೆ. ಹುರಿಯುವವರು ಯಾರು ಎಂಬುದು ಉಳಿದಿದೆ. ಖಿಚಡಿ ಅಕ್ಕನಿಗೆ ಈಗಲೇ ಕೆಲಸ ಹೆಚ್ಚು, ಆಕೆಗೆ ಬರುವ ಮಾನಧನ ಎಷ್ಟೆಂದು ನಿಮಗೂ ಗೊತ್ತು.

ಕಾಸರಗೋಡು, ರಾಯದುರ್ಗ, ತಾಳವಾಡಿ ಕಡೆಯ ಕನ್ನಡ ಶಾಲೆಯ ಮಿತ್ರರೇ, ನಿಮ್ಮಲ್ಲಿ ಬೆಳಿಗ್ಗೆ ಮಕ್ಕಳಿಗೆ ಏನಾದರೂ ಕೊಡುವ ವ್ಯವಸ್ಥೆ ಇದೆಯೇ? ಖರ್ಚು ಹೇಗೆ ಹೊಂದಿಸುತ್ತೀರಿ? ಉಪವಾಸದ ದಿನ ನಿಮ್ಮ ಕಡೆ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದನ್ನೂ ಬರೆಯಿರಿ, ಅವ್ವನಿಗೆ ಓದಿ ಹೇಳುತ್ತೇವೆ.